ಎಡಗೈ ಉಳಿದ ಬಗೆ: ಕೀವ್‌ನಿಂದ ಡೆಟ್ರಾಯಿಟ್‌ಗೆ ಹೋದ ಬಂಡೂರ

ಬಂಡೂರ ನುಡಿಸುವವರನ್ನು ಕಂಡರೆ ಮೊದಲು ಅವರ ಎಡಗೈ ಎಲ್ಲಿದೆ ಅಂತ ನೋಡಿ.

ಉಕ್ರೇನಿನ ಈ ತಂತಿವಾದ್ಯವನ್ನು ಹಿಡಿಯಲು ಎರಡು ದೊಡ್ಡ ಪದ್ಧತಿಗಳಿವೆ. ಒಂದರಲ್ಲಿ ವಾದ್ಯದ ಬೆನ್ನು ನುಡಿಸುವವರ ಎದೆಗೆ ಆನಿಕೊಂಡಿರುತ್ತದೆ. ಮುಖ ಪೂರ್ತಿ ಕೇಳುವವರ ಕಡೆಗೆ. ಎಡಗೈ ವಾದ್ಯದ ಅಂಚಿನ ಮೇಲಿಂದ ಬಳಸಿ ಬಂದು, ಬಲಗೈ ಮೀಟುವ ತಂತಿಗಳನ್ನೇ ತಾನೂ ಮೀಟುತ್ತದೆ. ಇದು ಖಾರ್ಕಿವ್ ಪದ್ಧತಿ. ಇನ್ನೊಂದರಲ್ಲಿ ವಾದ್ಯ ಅಡ್ಡಕ್ಕೆ ತಿರುಗಿರುತ್ತದೆ. ಬಲಗೈಗೆ ಮೇಲಿನ ಸ್ವರಗಳು, ಎಡಗೈಗೆ ಹೆಚ್ಚಾಗಿ ಮಂದ್ರ ತಂತಿಗಳು ಮಾತ್ರ. ಇದು ಕೀವ್ ಪದ್ಧತಿ.

ದೂರದಿಂದ ನೋಡಿದರೆ ಇದೇನು ಅಂಥ ವಿಷಯ ಅನ್ನಿಸಬಹುದು. ಆದರೆ ಎರಡನೇ ಮಹಾಯುದ್ಧದ ನಂತರ ಉಕ್ರೇನಿನ ಒಳಗೆ ಖಾರ್ಕಿವ್ ಪದ್ಧತಿ ಹೆಚ್ಚುಕಮ್ಮಿ ಮರೆಯಾಯಿತು. ಅದೇ ವರ್ಷಗಳಲ್ಲಿ ಅಮೆರಿಕದ ಡೆಟ್ರಾಯಿಟ್ ಎಂಬ ಕಾರ್ಖಾನೆಗಳ ಊರಿನಲ್ಲಿ ಅದು ಬದುಕಿತ್ತು. ಹುಟ್ಟಿದೂರಲ್ಲಿ ಇಲ್ಲದ ಕೈ, ಸಾವಿರಾರು ಮೈಲಿ ಅಲೆದವರ ಮನೆಯಲ್ಲಿ ಉಳಿದುಕೊಂಡಿತ್ತು. ಅದು ಹೇಗಾಯಿತು, ಯಾರು ಏನು ಮಾಡಿದರು, ಏನು ಉಳಿಯಿತು, ಏನು ಉಳಿಯಲಿಲ್ಲ ಎಂಬುದನ್ನು ಒಂದೇ ಮೇಳದ ಕಥೆಯಲ್ಲಿ ನೋಡಬಹುದು. ಆ ಮೇಳದ ಹೆಸರು ತರಾಸ್ ಶೆವ್‌ಚೆಂಕೊ ಉಕ್ರೇನಿಯನ್ ಬಂಡೂರಿಸ್ಟ್ ಕೋರಸ್.

ವಾದ್ಯ ಮತ್ತು ಅದರ ಜನ

ಬಂಡೂರಕ್ಕೆ ವೀಣೆಯ ಹಾಗೆ ಮೆಟ್ಟಿಲುಗಳಿಲ್ಲ. ತಂತಿಯನ್ನು ಒತ್ತಿ ಸ್ವರ ಬದಲಿಸುವುದಿಲ್ಲ. ಒಂದು ತಂತಿಗೆ ಒಂದೇ ಸ್ವರ. ಆ ಲೆಕ್ಕದಲ್ಲಿ ಹಿಂದೂಸ್ತಾನಿ ಗಾಯಕರು ಮಡಿಲಲ್ಲಿ ಇಟ್ಟುಕೊಳ್ಳುವ ಸ್ವರಮಂಡಲಕ್ಕೆ ಇದು ಹತ್ತಿರ. ಆದರೆ ಬಂಡೂರಕ್ಕೆ ಕುತ್ತಿಗೆ ಇದೆ, ಅದರ ಮೇಲೆ ಉದ್ದದ ಮಂದ್ರ ತಂತಿಗಳು. ಹೊಟ್ಟೆಯ ಮೇಲೆ ಬೀಸಣಿಗೆಯ ಹಾಗೆ ಹರಡಿದ ಗಿಡ್ಡ ತಂತಿಗಳು. ಹಳೆಯ ಹಳ್ಳಿ ಬಂಡೂರವನ್ನು ವಿಲೋ ಮರದ ಒಂದೇ ತುಂಡನ್ನು ಕೊರೆದು ಮಾಡುತ್ತಿದ್ದರು. ಮರದ ಬಿರಡೆಗಳು, 20ರ ಆಸುಪಾಸು ತಂತಿಗಳು. ಈಗಿನ ಕಚೇರಿ ಬಂಡೂರದಲ್ಲಿ 55ರಿಂದ 65 ತಂತಿ ಇರುತ್ತವೆ. ಶ್ರುತಿ ಮಾಡಲು ಕುಳಿತರೆ ಕೀಲಿ ಹಿಡಿದು ಒಂದೊಂದೇ ತಂತಿಯ ಹತ್ತಿರ ಹೋಗಬೇಕು. ಚಳಿಯಿಂದ ಬಿಸಿ ಕೋಣೆಗೆ ಬಂದರೆ ಆ ಕೆಲಸ ಮತ್ತೆ ಮೊದಲಿಂದ. ತಾಳ್ಮೆ ಇಲ್ಲದವರ ವಾದ್ಯ ಇದಲ್ಲ.

ಇದನ್ನು ಊರೂರಿಗೆ ಹೊತ್ತವರು ಕೊಬ್ಜಾರ್‌ಗಳು. ಬಹುತೇಕ ಕಣ್ಣು ಕಾಣದ ಗಂಡಸರು. ಹುಡುಗನಾಗಿದ್ದಾಗಲೇ ಒಬ್ಬ ಗುರುವಿನ ಬಳಿ ಸೇರಿ, ವರ್ಷಗಟ್ಟಲೆ ಜೊತೆಗಿದ್ದು ಕಲಿಯುತ್ತಿದ್ದರು. ಗುರು ಮತ್ತು ಸಂಘದ ಹಿರಿಯರು ಒಪ್ಪಿದ ಮೇಲೇ ಸ್ವಂತವಾಗಿ ಹಾಡಿ ಸಂಪಾದಿಸುವ ಹಕ್ಕು ಸಿಗುತ್ತಿತ್ತು. ಅವರದೇ ಸಂಘಗಳಿದ್ದವು. ಹೊರಗಿನವರಿಗೆ ಅರ್ಥವಾಗದ ಗುಟ್ಟಿನ ಮಾತೂ ಇತ್ತು. ಅವರು ದೇವರ ಹಾಡು ಹಾಡುತ್ತಿದ್ದರು, ನಗಿಸುವ ಹಾಡೂ ಹಾಡುತ್ತಿದ್ದರು. ಎಲ್ಲಕ್ಕಿಂತ ದೊಡ್ಡದು ದುಮಾ.

ದುಮಾ ಎಂದರೆ ಕೊಸಾಕ್ಕರ (ಉಕ್ರೇನಿನ ಹುಲ್ಲುಗಾವಲಿನ ಯೋಧರ) ಕಾಲದ ಯುದ್ಧ, ಸೆರೆ, ತಾಯಿ, ಸಾವು ಇವುಗಳ ಉದ್ದನೆಯ ಕಥನ. ಅದಕ್ಕೆ ಕಟ್ಟಿದ ತಾಳವಿಲ್ಲ. ಒಂದು ಸಾಲು ಚಿಕ್ಕದು, ಮುಂದಿನದು ಅದರ ಎರಡರಷ್ಟು. ಹಾಡುಗಾರ ಒಂದು ಗೋಳಿನ ಕೂಗಿನಿಂದ ಶುರು ಮಾಡಿ, ಮಾತಿಗೂ ಹಾಡಿಗೂ ನಡುವೆ ಓಡಾಡುತ್ತಾನೆ. ಬೆರಳು ಅವನ ಉಸಿರನ್ನು ಹಿಂಬಾಲಿಸುತ್ತದೆ. ಕರ್ನಾಟಕ ಸಂಗೀತ ಗೊತ್ತಿರುವವರಿಗೆ ಒಂದು ಮಾತು. ಹಲವು ದುಮಾಗಳ ಸ್ವರಗಳನ್ನು ಸಾಲಾಗಿ ಬರೆದುಕೊಂಡರೆ ಸಾಧಾರಣ ಗಾಂಧಾರ, ಪ್ರತಿಮಧ್ಯಮ, ಚತುಶ್ರುತಿ ಧೈವತ, ಕೈಶಿಕಿ ನಿಷಾದ ಬರುತ್ತವೆ. ಅಂದರೆ ಹೇಮಾವತಿಯ ಸ್ವರಸ್ಥಾನಗಳೇ. ನಡೆ ಬೇರೆ, ಗಮಕ ಬೇರೆ, ರಾಗ ಅಂತ ಕರೆಯುವಂತಿಲ್ಲ. ಆದರೂ ಮೊದಲ ಸಲ ಕೇಳಿದಾಗ ಆ ಮಧ್ಯಮ ನನ್ನನ್ನು ಹಿಡಿದು ನಿಲ್ಲಿಸಿತು.

ಈ ಒಂಟಿ ಹಾಡುಗಾರರನ್ನು ವೇದಿಕೆಗೆ ತಂದವರು ಹ್ನಾತ್ ಖೊಟ್ಕೆವಿಚ್. ಬರಹಗಾರ, ಎಂಜಿನಿಯರ್, ಸ್ವತಃ ಬಂಡೂರ ವಾದಕ. 1902ರಲ್ಲಿ ಖಾರ್ಕಿವ್‌ನಲ್ಲಿ ಪುರಾತತ್ವ ಸಮ್ಮೇಳನ ನಡೆದಾಗ ಅವರು ಕೊಬ್ಜಾರ್‌ಗಳನ್ನು ಒಟ್ಟಿಗೆ ಕೂರಿಸಿ ನುಡಿಸುವಂತೆ ಮಾಡಿದರು. ಒಬ್ಬರೇ ನುಡಿಸುವ ವಾದ್ಯ ಮೇಳಕ್ಕೂ ಹೊಂದುತ್ತದೆ ಅಂತ ಅವತ್ತು ಜನ ಕಂಡರು. 1908ರಲ್ಲಿ ಇನ್ನೊಂದು ದೊಡ್ಡ ಕೆಲಸ ನಡೆಯಿತು. ಕವಯಿತ್ರಿ ಲೆಸ್ಯಾ ಉಕ್ರೈಂಕಾ ಮತ್ತು ಅವರ ಗಂಡ ಕ್ಲಿಮೆಂಟ್ ಕ್ವಿಟ್ಕಾ ತಮ್ಮ ಕೈಯಿಂದ ಹಣ ಹಾಕಿ, ಸಂಗೀತ ಸಂಶೋಧಕ ಫಿಲಾರೆಟ್ ಕೊಲೆಸ್ಸಾ ಅವರಿಂದ ದುಮಾಗಳನ್ನು ಮೇಣದ ಉರುಳೆಗಳ ಮೇಲೆ ಧ್ವನಿಮುದ್ರಣ ಮಾಡಿಸಿದರು. ಕೊಲೆಸ್ಸಾ ಅವನ್ನು ಸ್ವರಲಿಪಿಯಲ್ಲಿ ಬರೆದು 1910 ಮತ್ತು 1913ರಲ್ಲಿ ಪ್ರಕಟಿಸಿದರು. ಈ ಉರುಳೆಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

1918ರಲ್ಲಿ ಉಕ್ರೇನ್ ಸ್ವಲ್ಪ ಕಾಲ ಸ್ವತಂತ್ರವಾಗಿದ್ದಾಗ ವಸಿಲ್ ಯೆಮೆಟ್ಸ್ ಕೀವ್‌ನಲ್ಲಿ ಮೊದಲ ಬಂಡೂರ ಮೇಳ ಕಟ್ಟಿದರು. ಯೆಮೆಟ್ಸ್ ಮುಂದೆ ದೇಶ ಬಿಟ್ಟು ಚೆಕೊಸ್ಲೊವಾಕಿಯಾಕ್ಕೆ, ಅಲ್ಲಿಂದ ಅಮೆರಿಕಕ್ಕೆ ಹೋದರು. 1925ರಲ್ಲಿ ಪೊಲ್ಟಾವಾದಲ್ಲಿ ವೊಲೊದಿಮಿರ್ ಕಬಾಚೊಕ್ ಇನ್ನೊಂದು ಮೇಳ ಕಟ್ಟಿದರು. ಪೊಲ್ಟಾವಾದವರಿಗೆ ಖೊಟ್ಕೆವಿಚ್ ಬಂದು ಪಾಠ ಮಾಡಿದರು. ಎಡಗೈ ಅಂಚಿನ ಮೇಲಿಂದ ಬಳಸುವ ಆ ಪದ್ಧತಿ ಅವರಿಂದ ಈ ಮೇಳಕ್ಕೆ ಬಂತು.

ಕತ್ತರಿಸಿದ್ದು

1930ರ ದಶಕ ಉಕ್ರೇನಿಗೆ ಏನು ಮಾಡಿತು ಅಂತ ಹೇಳಲು ಈ ವಾದ್ಯದ ಜನರ ಪಟ್ಟಿ ಒಂದೇ ಸಾಕು. 1932-33ರಲ್ಲಿ ಬರಗಾಲ. ಅದು ಮಳೆ ಬರದೆ ಬಂದ ಬರವಲ್ಲ, ಸ್ಟಾಲಿನ್ ಆಡಳಿತ ಧಾನ್ಯ ಕಿತ್ತುಕೊಂಡು ತಂದ ಹಸಿವು. ಪೊಲ್ಟಾವಾ, ಖಾರ್ಕಿವ್, ಕೀವ್ ಭಾಗದ ಹಳ್ಳಿಗಳು ಹೆಚ್ಚು ಸತ್ತವು. ಕೊಬ್ಜಾರ್‌ಗಳು ತಿರುಗುತ್ತಿದ್ದದ್ದು ಇಂಥ ಹಳ್ಳಿಗಳಲ್ಲೇ. ಕೇಳುವ ಊರೇ ಹೋದರೆ ಹಾಡುವವನು ಎಲ್ಲಿಗೆ ಹೋಗಬೇಕು?

1934ರಲ್ಲಿ ಕಬಾಚೊಕ್ ಬಂಧನವಾಯಿತು, ಅವರನ್ನು ಸೋವಿಯತ್ ದೇಶದ ದೂರದ ಪೂರ್ವ ತುದಿಯ ಕೊಲಿಮಾದ ಕೈದಿ ಶಿಬಿರಗಳಿಗೆ ಕಳಿಸಿದರು. 1937ರ ನವೆಂಬರ್‌ನಲ್ಲಿ ಇವಾನ್ ಕುಚುಹುರಾ-ಕುಚೆರೆಂಕೊ ಅವರನ್ನು ಗುಂಡಿಕ್ಕಿ ಕೊಂದರು. ಅವರು ಕಣ್ಣು ಕಾಣದ ದೊಡ್ಡ ಕೊಬ್ಜಾರ್, ಕೀವ್‌ನ ಸಂಗೀತ ಶಾಲೆಯಲ್ಲಿ ಪಾಠ ಮಾಡಿದವರು. 1938ರ ಅಕ್ಟೋಬರ್‌ನಲ್ಲಿ ಖೊಟ್ಕೆವಿಚ್ ಅವರನ್ನೂ ಕೊಂದರು. ನೂರಾರು ಕುರುಡು ಹಾಡುಗಾರರನ್ನು ಸಮ್ಮೇಳನಕ್ಕೆ ಅಂತ ಕರೆಸಿ ಒಟ್ಟಿಗೆ ಕೊಂದರು ಎಂಬ ಮಾತೂ ಉಕ್ರೇನಿನಲ್ಲಿ ಇದೆ. ಅದಕ್ಕೆ ದಾಖಲೆ ಸಿಕ್ಕಿಲ್ಲ. ದಾಖಲೆ ಇರುವ ಸಾವುಗಳೇ ಸಾಕಷ್ಟಿವೆ, ಅವನ್ನು ಹೆಸರು ಹಿಡಿದು ನೆನೆಯುವುದೇ ಸರಿ ಅಂತ ನನಗೆ ಅನ್ನಿಸುತ್ತದೆ.

ಈ ನಡುವೆ 1935ರಲ್ಲಿ ಕೀವ್ ಮತ್ತು ಪೊಲ್ಟಾವಾದ ಮೇಳಗಳನ್ನು ಸೇರಿಸಿ ಒಂದೇ ಸರ್ಕಾರಿ ಮೇಳ ಮಾಡಿದರು. ಸಂಬಳ ಬಂತು, ಸಭಾಂಗಣ ಬಂತು. ಅದರ ಜೊತೆಗೆ ಸ್ಟಾಲಿನ್‌ನನ್ನು ಹೊಗಳುವ ಹಾಡೂ ಬಂತು. ಖೊಟ್ಕೆವಿಚ್ ಹೆಸರು ಎತ್ತುವಂತಿರಲಿಲ್ಲ. ಆದರೆ ಅವರು ಕಲಿಸಿದ ಕೈ ಇನ್ನೂ ಆ ಮೇಳದ ಹಲವರಲ್ಲಿ ಇತ್ತು. ಹಾಡನ್ನು ನಿಷೇಧಿಸಬಹುದು. ವರ್ಷಗಟ್ಟಲೆ ಒಂದು ರೀತಿ ಬಾಗಿದ ಮಣಿಕಟ್ಟು ಅಷ್ಟು ಸುಲಭವಾಗಿ ಮರೆಯುವುದಿಲ್ಲ.

ಯುದ್ಧದ ದಾರಿ

1935ರಲ್ಲಿ ಮೇಳಕ್ಕೆ ಸೇರಿದವರಲ್ಲಿ ಒಬ್ಬರು ಹ್ರಿಹೊರಿ ಕಿತಾಸ್ತಿ. 1907ರಲ್ಲಿ ಪೊಲ್ಟಾವಾ ಭಾಗದ ಕೊಬೆಲ್ಯಾಕಿಯಲ್ಲಿ ಹುಟ್ಟಿದವರು. 1941ರಲ್ಲಿ ಜರ್ಮನ್ನರು ನುಗ್ಗಿದಾಗ ಮೇಳ ಚದುರಿತು. ಕೆಲವರು ಸೈನ್ಯಕ್ಕೆ, ಕೆಲವರು ಸೆರೆಗೆ. ಕಿತಾಸ್ತಿ ಕೂಡ ಸೆರೆ ಸಿಕ್ಕಿ, ತಪ್ಪಿಸಿಕೊಂಡು ಕೀವ್‌ಗೆ ಬಂದರು. ಸಿಕ್ಕವರನ್ನು ಕೂಡಿಸಿ ಮೇಳವನ್ನು ಮತ್ತೆ ಕಟ್ಟಿದರು. ಅದಕ್ಕೆ ಕವಿ ತರಾಸ್ ಶೆವ್‌ಚೆಂಕೊ ಹೆಸರಿಟ್ಟರು.

ಈ ಭಾಗವನ್ನು ಬೇಗ ದಾಟಿಹೋಗುವ ಆಸೆ ಆಗುತ್ತದೆ, ಆದರೆ ದಾಟಬಾರದು. ಆ ಮೇಳ ಹಾಡಿದ್ದು ಜರ್ಮನ್ ಆಕ್ರಮಣದ ಕೆಳಗೆ, ಅವರ ಅನುಮತಿಯಲ್ಲಿ. 1942ರಲ್ಲಿ ಅವರನ್ನು ಹ್ಯಾಂಬರ್ಗ್‌ಗೆ ಒಯ್ದು ದುಡಿಮೆ ಶಿಬಿರದಲ್ಲಿ ಇಟ್ಟರು. ಆಮೇಲೆ, ಉಕ್ರೇನಿನಿಂದ ಬಲವಂತವಾಗಿ ಹಿಡಿದು ತಂದ ಕೂಲಿಗಳಿಗೆ ಹಾಡಲು ಬಿಟ್ಟರು. ಆ ಕೂಲಿಗಳಲ್ಲಿ ಹದಿನಾರು, ಹದಿನೇಳರ ಹುಡುಗಿಯರೂ ಇದ್ದರು. ಊರಿನ ಮಾತು ಕೇಳದೆ ತಿಂಗಳುಗಳಾದವರ ಮುಂದೆ ಬಂಡೂರದ ಒಂದು ಮೀಟು ಏನಾಗಿರಬಹುದು, ಯೋಚಿಸಿ. ಹಾಡಿದವರು ಆಕ್ರಮಣಕಾರರ ಕೈಯೊಳಗೇ ಇದ್ದರು, ಕೇಳಿದವರೂ ಅಷ್ಟೇ. ಎರಡೂ ನಿಜ.

1945ರಲ್ಲಿ ಯುದ್ಧ ಮುಗಿದಾಗ ಇನ್ನೊಂದು ಭಯ ಬಂತು. ಯಾಲ್ಟಾದಲ್ಲಿ ಮಿತ್ರರಾಷ್ಟ್ರಗಳು ಮಾಡಿಕೊಂಡ ಒಪ್ಪಂದದ ಪ್ರಕಾರ ಸೋವಿಯತ್ ಪ್ರಜೆಗಳನ್ನು ವಾಪಸು ಕಳಿಸಬೇಕಿತ್ತು. ಬೇಡ ಎಂದವರನ್ನೂ ಎಳೆದು ರೈಲು ಹತ್ತಿಸಿದರು. ಇವರಂಥವರಿಗೆ ವಾಪಸಾತಿ ಎಂದರೆ ಶಿಬಿರ ಅಥವಾ ಸಾವು. ಮೇಳ ದಕ್ಷಿಣ ಜರ್ಮನಿಯ ಇಂಗೊಲ್‌ಸ್ಟಾಟ್ ಮತ್ತು ರೇಗೆನ್ಸ್‌ಬುರ್ಗ್‌ನ ನಿರಾಶ್ರಿತರ ಶಿಬಿರಗಳಲ್ಲಿ ನಾಲ್ಕು ವರ್ಷ ಕಳೆಯಿತು. ಶಿಬಿರದಿಂದ ಶಿಬಿರಕ್ಕೆ ಹೋಗಿ ಹಾಡಿತು.

ಈ ಪ್ರಕರಣದ ಅತಿ ಮುಖ್ಯ ಕೆಲಸ ಶುರುವಾದದ್ದು ಇದೇ ಜರ್ಮನಿಯಲ್ಲಿ. ಪೆಟ್ರೊ ಮತ್ತು ಒಲೆಕ್ಸಾಂದ್ರ್ ಹೊಂಚರೆಂಕೊ ಎಂಬ ಅಣ್ಣತಮ್ಮಂದಿರು ಬಂಡೂರ ಮಾಡಲು ಕುಳಿತರು. ಅವರು ಮಾಡಿದ್ದು ಖಾರ್ಕಿವ್ ಪದ್ಧತಿಗೆ ಹೊಂದುವ ವಾದ್ಯ. ಎಡಗೈ ಸುತ್ತಿ ಬರಲು ಅನುಕೂಲವಾಗುವ ಆಕಾರ. ಪ್ರತಿ ತಂತಿಗೂ ಒಂದು ಪುಟ್ಟ ಲಿವರ್. ಅದನ್ನು ತಿರುಗಿಸಿದರೆ ಆ ತಂತಿಯ ಶ್ರುತಿ ಅರ್ಧ ಸ್ವರದಷ್ಟು ಏರುತ್ತದೆ. ಹೀಗೆ ತಂತಿಗಳ ಸಂಖ್ಯೆ ವಿಪರೀತ ಬೆಳೆಸದೆ, ಕೈಗೆ ಜಾಗ ಉಳಿಸಿ, ಬೇರೆ ಬೇರೆ ಸ್ವರಸಾಲುಗಳನ್ನು ಹಿಡಿಯಬಹುದು. ಊಟಕ್ಕೆ ಪಡಿ, ಮಲಗಲು ಹಂಚಿಕೊಂಡ ಕೋಣೆ, ನಾಳೆ ಯಾವ ದೇಶ ಅಂತ ಗೊತ್ತಿಲ್ಲ. ಅಂಥ ಕಾಲದಲ್ಲಿ ಇಂಥ ಕೆಲಸ!

ಡೆಟ್ರಾಯಿಟ್

1948ರಲ್ಲಿ ಅಮೆರಿಕ ಯುದ್ಧ ನಿರಾಶ್ರಿತರಿಗೆ ಬಾಗಿಲು ತೆರೆಯುವ ಕಾನೂನು ಮಾಡಿತು. 1949ರಲ್ಲಿ ಮೇಳದ ಹೆಚ್ಚಿನವರು ಡೆಟ್ರಾಯಿಟ್‌ಗೆ ಬಂದು ನೆಲೆಸಿದರು. ಅದು ಕಾರು ಕಂಪನಿಗಳ ಊರು, ಕೆಲಸ ಸಿಗುವ ಊರು.

ಕೀವ್‌ನಲ್ಲಿ ಅವರು ಸಂಬಳದ ಕಲಾವಿದರು. ಇಲ್ಲಿ ಹೊಟ್ಟೆಪಾಡಿಗೆ ಬೇರೆ ಕೆಲಸ, ಉಳಿದ ಹೊತ್ತಿನಲ್ಲಿ ಅಭ್ಯಾಸ. ದುಡ್ಡಿಲ್ಲದೆ ಹಾಡುವ ಮೇಳ ಅದು, ಇವತ್ತಿಗೂ ಹಾಗೇ. ಸಾಮಾನ್ಯವಾಗಿ ಇಂಥ ಕಡೆ ಕಲೆ ಏನಾಗುತ್ತದೆ ಅಂತ ನಮಗೆಲ್ಲ ಗೊತ್ತು, ಅಲ್ವಾ? ಹಬ್ಬಕ್ಕೆ ಒಂದು ಕಾರ್ಯಕ್ರಮ, ಹಳೇ ಫೋಟೊ, ಮಕ್ಕಳಿಗೆ ಬೇಸರ, ಮೂರನೇ ತಲೆಮಾರಿಗೆ ಮುಗಿಯಿತು. ಇಲ್ಲಿ ಹಾಗಾಗಲಿಲ್ಲ. ಯಾಕೆ ಎಂಬುದಕ್ಕೆ ನನಗೆ ಕಾಣುವ ಮೊದಲ ಕಾರಣ ವಾದ್ಯ.

ಅಮೆರಿಕದ ಯಾವ ಅಂಗಡಿಯಲ್ಲೂ ಬಂಡೂರ ಸಿಗುತ್ತಿರಲಿಲ್ಲ. ಹೊಂಚರೆಂಕೊ ಸಹೋದರರು ಡೆಟ್ರಾಯಿಟ್‌ನಲ್ಲೂ ಮಾಡುವುದನ್ನು ಮುಂದುವರಿಸಿದರು. ಅವರ ಮಾದರಿ ನೋಡಿ ಮುಂದೆ ಕೆನಡಾ, ಅಮೆರಿಕದ ಬೇರೆ ಕುಶಲಿಗರೂ ಮಾಡಿದರು. ಈಗ ಅದೇ ವರ್ಷಗಳ ಕೀವ್ ನೋಡಿ. ಅಲ್ಲಿ ಇವಾನ್ ಸ್ಕ್ಲ್ಯಾರ್ ರೂಪಿಸಿದ ಬಂಡೂರವನ್ನು ಚೆರ್ನಿಹಿವ್ ಊರಿನ ಕಾರ್ಖಾನೆ ದೊಡ್ಡ ಸಂಖ್ಯೆಯಲ್ಲಿ ಮಾಡತೊಡಗಿತು. ಒಳ್ಳೆಯ ನಾದ, ತುಂಬಾ ತಂತಿ, ದಪ್ಪ ಒಡಲು. ಆದರೆ ಅದು ಕೀವ್ ಪದ್ಧತಿಯ ವಾದ್ಯ. ಎಡಗೈ ಮೇಲಿಂದ ಬಳಸಿ ಬರುವುದು ಅದರಲ್ಲಿ ಕಷ್ಟ. ಸಂಗೀತ ಶಾಲೆಗಳ ಪಾಠವೂ ಅದಕ್ಕೇ ಹೊಂದಿತು. ಖೊಟ್ಕೆವಿಚ್ ಹೆಸರನ್ನು ಅಳಿಸಿದ್ದು ಪೊಲೀಸರು. ಅವರ ಕೈಯನ್ನು ಅಳಿಸಿದ್ದು ಕಾರ್ಖಾನೆಯ ಅಳತೆಪಟ್ಟಿ. ಆ ಕಾರ್ಖಾನೆಯವರಿಗೆ ಅಂಥ ಉದ್ದೇಶವೇ ಇರಲಿಲ್ಲ ಎಂಬುದು ಇನ್ನೂ ನೋವಿನ ಮಾತು. ಬೇರೆ ಆಕಾರದ ವಾದ್ಯ ಯಾರೂ ಮಾಡದಿದ್ದರೆ ಬೇರೆ ಪದ್ಧತಿ ತಾನಾಗಿ ಸಾಯುತ್ತದೆ.

ಹಾಗಾಗಿ ಸಂಸ್ಕೃತಿ ಉಳಿಸುವ ಮಾತು ಬಂದಾಗಲೆಲ್ಲ ನನಗೆ ಹಾಡಿನ ಪುಸ್ತಕಕ್ಕಿಂತ ಮೊದಲು ಆ ಲಿವರ್‌ಗಳು ನೆನಪಾಗುತ್ತವೆ. ಮರಗೆಲಸ ಬಲ್ಲ ಇಬ್ಬರು ಇಲ್ಲದಿದ್ದರೆ ಮೇಳದವರ ಕೈಯಲ್ಲಿದ್ದದ್ದು ಮೇಳದವರ ಜೊತೆಗೇ ಹೋಗುತ್ತಿತ್ತು.

ಎರಡನೇ ಕಾರಣ ಮನೆ. ಹ್ರಿಹೊರಿ ಕಿತಾಸ್ತಿ ಒಬ್ಬರೇ ಅಲ್ಲ, ಅವರ ಅಣ್ಣತಮ್ಮಂದಿರ ಮಕ್ಕಳು, ಮೊಮ್ಮಕ್ಕಳ ತನಕ ಬಂಡೂರ ಹಿಡಿದರು. 1958ರಲ್ಲಿ ಡೆಟ್ರಾಯಿಟ್‌ನಲ್ಲಿ ಹುಟ್ಟಿದ ಜೂಲಿಯನ್ ಕಿತಾಸ್ತಿ ಆ ಮನೆಯ ಮೂರನೇ ತಲೆಮಾರು. ಅಪ್ಪ, ತಾತ, ತಾತನ ಸೋದರ ಹ್ರಿಹೊರಿ, ಮೂವರ ಬಳಿಯೂ ಕಲಿತವರು. ಮನೆಯಲ್ಲಿ ಎಲ್ಲರೂ ಹಿಡಿಯುವ ವಾದ್ಯವನ್ನು ಮಗು ಹಿಡಿಯಲು ಬೇರೆ ಒತ್ತಾಯ ಬೇಕಾಗುವುದಿಲ್ಲ.

ಆದರೆ ಒಂದು ಮನೆತನದಿಂದ ಖಂಡ ತುಂಬುವುದಿಲ್ಲ. ಹಾಗಾಗಿ ಬೇಸಿಗೆ ಶಿಬಿರಗಳು ಬಂದವು. ಪೆನ್ಸಿಲ್ವೇನಿಯಾದ ಎಮ್ಲೆಂಟನ್‌ನಲ್ಲಿ ಉಕ್ರೇನಿಯನ್ ಆರ್ಥಡಾಕ್ಸ್ ಚರ್ಚಿನ ಶಿಬಿರದ ಜಾಗವಿದೆ. ಅಲ್ಲಿ ‘ಕೊಬ್ಜಾರ್ಸ್ಕಾ ಸಿಚ್’ ಎಂಬ ಬಂಡೂರ ಶಿಬಿರ ವರ್ಷ ವರ್ಷ ನಡೆಯುತ್ತದೆ. ಬೇರೆ ಬೇರೆ ಊರುಗಳಲ್ಲಿ ಒಬ್ಬೊಬ್ಬರೇ ನುಡಿಸುತ್ತಿದ್ದ ಮಕ್ಕಳು ಅಲ್ಲಿ ತಮ್ಮಂಥವರನ್ನು ಕಾಣುತ್ತಾರೆ. ಶಾಲೆಯಲ್ಲಿ ಯಾರಿಗೂ ಗೊತ್ತಿಲ್ಲದ ವಾದ್ಯವನ್ನು ಇಲ್ಲಿ ಪಕ್ಕದ ಮಂಚದವರೂ ನುಡಿಸುತ್ತಾರೆ. ಹುಡುಗಿಯರೂ ಬರುತ್ತಾರೆ. ಹಳೆಯ ಕೊಬ್ಜಾರ್ ಸಂಘಗಳು ಗಂಡಸರದ್ದು, ಡೆಟ್ರಾಯಿಟ್ ಮೇಳವೂ ಗಂಡು ಕಂಠದ್ದೇ. ವಾದ್ಯ ಮಾತ್ರ ಆ ಗೆರೆಯನ್ನು ದಾಟಿಬಿಟ್ಟಿದೆ. ಒಳ್ಳೆಯದೇ ಆಯಿತು.

ಮೇಳಕ್ಕೆ ಆಗದ ಕೆಲಸ

ಇಲ್ಲಿ ಒಂದು ಕಷ್ಟದ ಪ್ರಶ್ನೆ ಇದೆ. ಡೆಟ್ರಾಯಿಟ್ ಮೇಳ ಉಳಿಸಿದ್ದು ಏನನ್ನು?

ಹಲವು ಗಂಡಸರು ನಾಲ್ಕು ಧ್ವನಿಗಳಾಗಿ ಹಂಚಿಕೊಂಡು ಒಟ್ಟಿಗೆ ಹಾಡುವುದು, ಜೊತೆಗೆ ಬಂಡೂರಗಳ ಸಾಲು, ಎದುರಿಗೆ ನಿರ್ದೇಶಕ. ಕೇಳಲು ಅದ್ಭುತ. ಆದರೆ ಹಳ್ಳಿಯ ಕೊಬ್ಜಾರ್ ಹೀಗೆ ಎಂದೂ ಹಾಡಲಿಲ್ಲ. ಇದು 1902ರಲ್ಲಿ ಕುಡಿಯೊಡೆದು 1918ರ ನಂತರ ಬೆಳೆದ ಹೊಸ ರೂಪ. ದುಮಾ ಮೇಳಕ್ಕೆ ಒಗ್ಗುವುದೇ ಇಲ್ಲ. ಕಟ್ಟಿದ ತಾಳ ಇಲ್ಲದ, ಉಸಿರಿಗೆ ತಕ್ಕಂತೆ ಹಿಗ್ಗುವ ಸಾಲನ್ನು ನಲವತ್ತು ಜನ ಒಟ್ಟಿಗೆ ಹೇಗೆ ಹಾಡುತ್ತಾರೆ? ಒಬ್ಬನ ದುಃಖದ ಅಳತೆ ಇನ್ನೊಬ್ಬನದಕ್ಕೆ ಹೊಂದುವುದಿಲ್ಲ. ಮೇಳಕ್ಕೆ ಬೇಕಾದದ್ದು ಎಲ್ಲರೂ ಒಟ್ಟಿಗೆ ಇಳಿಯುವ ಹೆಜ್ಜೆ. ಹಾಗಾಗಿ ವೇದಿಕೆಯಲ್ಲಿ ಕೊಸಾಕ್ ಹಾಡು, ಭಕ್ತಿಗೀತೆ, ಕಿತಾಸ್ತಿ ಅವರ ಸ್ವಂತ ರಚನೆಗಳು ಹೆಚ್ಚಾದವು. ದುಮಾ ಪಕ್ಕಕ್ಕೆ ಸರಿಯಿತು.

ಅದನ್ನು ಹಿಡಿದುಕೊಂಡವರು ಬೇರೆ. ಝಿನೊವಿ ಶ್ಟೊಕಾಲ್ಕೊ ಎಂಬ ವೈದ್ಯರು. 1920ರಲ್ಲಿ ಪಶ್ಚಿಮ ಉಕ್ರೇನಿನ ಬೆರೆಝಾನಿ ಹತ್ತಿರ ಹುಟ್ಟಿ, ಮ್ಯೂನಿಕ್‌ನಲ್ಲಿ ವೈದ್ಯಕೀಯ ಓದಿ, ನ್ಯೂಯಾರ್ಕ್‌ಗೆ ಬಂದವರು. ಹಗಲು ರೋಗಿಗಳು, ಬಿಡುವಿನಲ್ಲಿ ಬಂಡೂರ. ಅವರು ಕೊಲೆಸ್ಸಾ ಬರೆದಿಟ್ಟದ್ದನ್ನು ಆಳವಾಗಿ ಓದಿದ್ದರು. ದುಮಾಗಳನ್ನು, ಹಳೆಯ ಕಥನಗಳನ್ನು ಒಬ್ಬರೇ ಹಾಡಿ ಟೇಪಿಗೆ ತುಂಬಿದರು. ಬಂಡೂರ ಕಲಿಯುವವರಿಗೆ ಕೈಪಿಡಿ ಬರೆದರು. ಬದುಕಿದ್ದಾಗ ಅದು ಅಚ್ಚಾಗಲಿಲ್ಲ. 1968ರಲ್ಲಿ, 50 ತುಂಬುವ ಮೊದಲೇ ತೀರಿಕೊಂಡರು. ಕೈಪಿಡಿಯ ಇಂಗ್ಲಿಷ್ ಅನುವಾದ 1989ರಲ್ಲಿ ಕೆನಡಾದ ಎಡ್ಮಂಟನ್‌ನಿಂದ ಹೊರಬಂತು, ಮೂಲ ಉಕ್ರೇನಿಯನ್ ಅದರ ನಂತರ.

ಅವರ ಧ್ವನಿಮುದ್ರಣ ಕೇಳಿದರೆ ಮೇಳದ ಸದ್ದಿಗೂ ಇದಕ್ಕೂ ಎಷ್ಟು ದೂರ ಅಂತ ತಿಳಿಯುತ್ತದೆ. ತಂತಿಗಳು ಕೆಲವು ಸಲ ಸುಮ್ನೆ ಆಗಿಬಿಡುತ್ತವೆ. ಧ್ವನಿ ಒಂಟಿಯಾಗಿ ನಡೆಯುತ್ತದೆ. ಆಮೇಲೆ ಕೈ ಒಮ್ಮೆಲೇ ತಂತಿಗಳ ಮೇಲೆ ಜಾರಿ, ಹೇಳಿದ ಮಾತಿಗೆ ಉತ್ತರ ಕೊಡುತ್ತದೆ. ಇದನ್ನು ಕೇಳುವಾಗ 1908ರ ಮೇಣದ ಉರುಳೆಯಿಂದ ನ್ಯೂಯಾರ್ಕ್‌ನ ಟೇಪ್ ರೆಕಾರ್ಡರ್‌ಗೆ ಒಂದು ದಾರ ಎಳೆದ ಹಾಗೆ ನನಗೆ ಕಾಣುತ್ತದೆ. ಮೇಳ ಜನರನ್ನು ಸೇರಿಸಿತು. ಈ ಒಬ್ಬ ಮನುಷ್ಯ ದುಮಾವನ್ನು ಸೇರಿಸಿದರು.

ಇದು ಯಾರದ್ದು?

ಇನ್ನೊಂದು ಗಂಟು. ಕೆನಡಾದಲ್ಲಿ 2016ರ ಜನಗಣತಿ ಪ್ರಕಾರ ಉಕ್ರೇನಿಯನ್ ಮೂಲದವರು 13 ಲಕ್ಷಕ್ಕೂ ಜಾಸ್ತಿ. ಅವರ ಹಿರಿಯರು 1891ರಿಂದ ಬರತೊಡಗಿದರು, ಬಹುತೇಕ ಪಶ್ಚಿಮ ಉಕ್ರೇನಿನ ಗಲೀಷಿಯಾ ಮತ್ತು ಬುಕೊವಿನಾದ ರೈತರು. ಅವರ ಊರುಗಳಲ್ಲಿ ಬಂಡೂರ ಇರಲೇ ಇಲ್ಲ ಎನ್ನಬಹುದು. ಅವರದು ಮದುವೆಮನೆಯ ಸಂಗೀತ. ಪಿಟೀಲು, ಡೋಲು, ಮತ್ತು ಕೋಲಿನಿಂದ ಬಾರಿಸುವ ತ್ಸಿಂಬಲಿ. ತ್ಸಿಂಬಲಿ ನಮ್ಮ ಸಂತೂರಿನ ದಾಯಾದಿ. ಆಲ್ಬರ್ಟಾ, ಮ್ಯಾನಿಟೋಬಾದ ಬಯಲಿನಲ್ಲಿ ಇವರು ಅದನ್ನು ತಾವೇ ಮಾಡಿಕೊಂಡು ನುಡಿಸಿದರು. ಯಾರೂ ಅದನ್ನು ‘ಉಳಿಸಲು’ ಹೊರಡಲಿಲ್ಲ. ಮದುವೆ ಇತ್ತು, ಕುಣಿಯುವವರು ಇದ್ದರು, ವಾದ್ಯ ಉಳಿಯಿತು. ನ್ಯೂಯಾರ್ಕ್‌ನಲ್ಲಿ ಪಿಟೀಲು ವಾದಕ ಪಾವ್ಲೊ ಹುಮೆನ್ಯುಕ್ 1920ರ ದಶಕದಲ್ಲಿ ಹಳ್ಳಿ ಮದುವೆಯನ್ನೇ ಗ್ರಾಮಫೋನ್ ತಟ್ಟೆಯ ಮೇಲೆ ತಂದರು. ಅವು ವಲಸಿಗರ ಮನೆಮನೆಗೆ ಹೋದವು.

ಹೀಗಿದ್ದರೂ ಇವತ್ತು ಕೆನಡಾದ ಉಕ್ರೇನಿಯನ್ ಸಂಘದ ಗೋಡೆಯ ಮೇಲೆ ಬಂಡೂರದ ಚಿತ್ರ ಇದ್ದರೆ ಅದು ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ತಾತನ ಊರಿನಲ್ಲಿ ಇಲ್ಲದ ವಾದ್ಯ ಮೊಮ್ಮಗಳಿಗೆ ನಾಡಿನ ಗುರುತು. ಇದನ್ನು ಸುಳ್ಳು ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಪೂರ್ವ ಉಕ್ರೇನಿನಿಂದ ಓಡಿಬಂದವರು ಹೊತ್ತು ತಂದದ್ದನ್ನು ಪಶ್ಚಿಮದವರ ಮಕ್ಕಳೂ ಕಲಿತರು. ಶ್ಟೊಕಾಲ್ಕೊ ಸ್ವತಃ ಪಶ್ಚಿಮದವರು, ನೆನಪಿರಲಿ. ಆದರೆ ಒಂದು ನಷ್ಟವೂ ಇದೆ. ಬಂಡೂರ ಮುಂದೆ ಬಂದಷ್ಟು ತ್ಸಿಂಬಲಿ, ಹಳ್ಳಿ ಪಿಟೀಲು ‘ಬರೀ ಕುಣಿತದ ಸಂಗೀತ’ ಎಂದು ಹಿಂದೆ ಸರಿದವು. ಗುರುತಿನ ವಾದ್ಯಕ್ಕೆ ಸಿಕ್ಕ ಗೌರವದಲ್ಲಿ ಸ್ವಲ್ಪವಾದರೂ ಇವಕ್ಕೂ ಸಿಗಬೇಕಿತ್ತು.

ವಾಪಸು

ಡೆಟ್ರಾಯಿಟ್‌ಗೆ ಹೋದ ಮೇಳದ ಜಾಗದಲ್ಲಿ ಸೋವಿಯತ್ ಸರ್ಕಾರ 1946ರಲ್ಲಿ ಕೀವ್‌ನಲ್ಲಿ ಹೊಸ ಬಂಡೂರ ಮೇಳ ಕಟ್ಟಿತ್ತು. ಕೊಲಿಮಾದಿಂದ ಬದುಕಿ ಬಂದ ಕಬಾಚೊಕ್ ಕೂಡ ಮತ್ತೆ ಕೀವ್‌ನಲ್ಲಿ ಪಾಠ ಹೇಳಿದರು, 1957ರಲ್ಲಿ ತೀರಿಕೊಂಡರು. ಹೀಗೆ ಒಂದೇ ಬೇರಿನ ಎರಡು ಮೇಳಗಳು ಎರಡು ಲೋಕಗಳಲ್ಲಿ ಬೆಳೆದವು. ಎರಡೂ ತಮ್ಮ ಹುಟ್ಟಿದ ವರ್ಷ 1918 ಎನ್ನುತ್ತವೆ. ಎರಡೂ ಹೇಳುವುದು ಸರಿ.

ಕಿತಾಸ್ತಿ ವಾಪಸು ನೋಡಲಿಲ್ಲ. 1984ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು. 1991ರಲ್ಲಿ, ಸೋವಿಯತ್ ಒಕ್ಕೂಟ ಕುಸಿಯುತ್ತಿದ್ದ ವರ್ಷ, ಅವರ ಮೇಳ ಉಕ್ರೇನಿಗೆ ಹೋಗಿ ಊರೂರಲ್ಲಿ ಹಾಡಿತು. ಮರುವರ್ಷ ಸ್ವತಂತ್ರ ಉಕ್ರೇನ್ ಆ ಮೇಳಕ್ಕೆ ಶೆವ್‌ಚೆಂಕೊ ಪ್ರಶಸ್ತಿ ಕೊಟ್ಟಿತು. ಖಾರ್ಕಿವ್ ಪದ್ಧತಿಯನ್ನು ಕಲಿಯುವ ಆಸಕ್ತಿ ಉಕ್ರೇನಿನಲ್ಲಿ ಮತ್ತೆ ಮೂಡಿತು, ಖೊಟ್ಕೆವಿಚ್ ಪುಸ್ತಕಗಳು ಮತ್ತೆ ಓದುಗರಿಗೆ ಸಿಕ್ಕವು.

ವಲಸಿಗರೇ ಎಲ್ಲವನ್ನೂ ಕಾಪಾಡಿದರು ಅಂತ ಹೇಳಿದರೆ ಮಾತ್ರ ತಪ್ಪಾಗುತ್ತದೆ. ಕೀವ್‌ನಲ್ಲೇ ಹೆಓರ್ಹಿ ತ್ಕಾಚೆಂಕೊ ಎಂಬ ವಾಸ್ತುಶಿಲ್ಪಿ ಇದ್ದರು. 1898ರಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಕುರುಡು ಕೊಬ್ಜಾರ್‌ಗಳ ಬಳಿ ಕಲಿತ ಹಳೇ ಬಂಡೂರವನ್ನು, ಸುಮಾರು 20 ತಂತಿಯದ್ದನ್ನು, ಸೋವಿಯತ್ ಕಾಲವಿಡೀ ಸದ್ದಿಲ್ಲದೆ ನುಡಿಸಿಕೊಂಡು ಬಂದರು. ಮುದಿ ವಯಸ್ಸಿನಲ್ಲಿ ಹುಡುಗರಿಗೆ ಕಲಿಸಿದರು. ಅವರಲ್ಲಿ ಒಬ್ಬರಾದ ಮಿಕೊಲಾ ಬುದ್ನಿಕ್ ಅಂಥ ವಾದ್ಯಗಳನ್ನು ಮತ್ತೆ ಕೈಯಿಂದ ಮಾಡಿ, ಕೀವ್‌ನಲ್ಲಿ ಕೊಬ್ಜಾರ್ ಸಂಘವನ್ನು ಮತ್ತೆ ಕಟ್ಟಿದರು. ತ್ಕಾಚೆಂಕೊ 1993ರ ತನಕ ಬದುಕಿದ್ದರು.

ನನಗೆ ತುಂಬಾ ಇಷ್ಟವಾದದ್ದು ಇದರ ಮುಂದಿನ ತಿರುವು. ಡೆಟ್ರಾಯಿಟ್ ಮೇಳದ ಮನೆಯಲ್ಲಿ ಬೆಳೆದ ಜೂಲಿಯನ್ ಕಿತಾಸ್ತಿ ದೊಡ್ಡವರಾದ ಮೇಲೆ ನ್ಯೂಯಾರ್ಕ್‌ನಲ್ಲಿ ಕುರುಡು ಕೊಬ್ಜಾರ್‌ಗಳ ಹಾಡುಗಳ ಕಡೆಗೆ ತಿರುಗಿದರು. ಹಳೇ ಮಾದರಿಯ ಬಂಡೂರ ಹಿಡಿದು, ಮೇಳವಿಲ್ಲದೆ, ಒಬ್ಬರೇ. ಅಂದರೆ ಡೆಟ್ರಾಯಿಟ್ ಉಳಿಸಿದ ಎಡಗೈಯನ್ನು ಉಕ್ರೇನ್ ಕೇಳಿಪಡೆಯುತ್ತಿದ್ದಾಗ, ಉಕ್ರೇನ್ ಉಳಿಸಿದ ಒಂಟಿ ಹಾಡನ್ನು ಡೆಟ್ರಾಯಿಟ್‌ನ ಮಗ ಹುಡುಕಿಕೊಂಡು ಹೋದರು.

2024ರ ಡಿಸೆಂಬರ್‌ನಲ್ಲಿ ಯುನೆಸ್ಕೊ, ಕೊಬ್ಜಾ (ಕೊಬ್ಜಾರ್‌ಗಳ ತಂತಿವಾದ್ಯ) ಮತ್ತು ಚಕ್ರ ತಿರುಗಿಸಿ ನುಡಿಸುವ ಲಿರಾ ಪರಂಪರೆಯನ್ನು ಕಾಪಾಡುವ ಉಕ್ರೇನಿನ ಕೆಲಸವನ್ನು ಉತ್ತಮ ಮಾದರಿಗಳ ಪಟ್ಟಿಗೆ ಸೇರಿಸಿತು. ಅಷ್ಟರಲ್ಲಿ ರಷ್ಯಾದ ದೊಡ್ಡ ದಾಳಿ ಶುರುವಾಗಿ ಮೂರು ವರ್ಷ ಆಗುತ್ತಾ ಬಂದಿತ್ತು. ಖಾರ್ಕಿವ್ ಊರಿನ ಮೇಲೆ ಬಾಂಬು ಬೀಳುತ್ತಿತ್ತು. 2022ರಿಂದ ಮತ್ತೆ ಲಕ್ಷಗಟ್ಟಲೆ ಜನ ದೇಶ ಬಿಟ್ಟಿದ್ದಾರೆ, ಹೆಚ್ಚಿನವರು ಹೆಂಗಸರು, ಮಕ್ಕಳು. ಅವರಲ್ಲಿ ಸಂಗೀತ ಶಾಲೆಯಲ್ಲಿ ಬಂಡೂರ ಕಲಿಯುತ್ತಿದ್ದ ಹುಡುಗಿಯರಿದ್ದರೆ, ಅವರು ಕಲಿತದ್ದು ಬಹುಮಟ್ಟಿಗೆ ಕೀವ್ ಪದ್ಧತಿ, ಅವರ ವಾದ್ಯ ಚೆರ್ನಿಹಿವ್ ಮಾದರಿ. ಅವರು ಹೋಗಿ ಕೂರುವ ಅಭ್ಯಾಸದ ಕೋಣೆಯಲ್ಲಿ 1949ರಲ್ಲಿ ಬಂದವರ ಮರಿಮಕ್ಕಳು ಖಾರ್ಕಿವ್ ಪದ್ಧತಿಯಲ್ಲಿ ನುಡಿಸುತ್ತಿರಬಹುದು. ಆ ಹುಡುಗಿಯರ ಕೈಯನ್ನು ಯಾರೂ ತಿದ್ದದಿರಲಿ ಎಂಬುದು ನನ್ನ ಆಸೆ. ಪಕ್ಕಪಕ್ಕ ಕೂರಿಸಿ, ಒಬ್ಬರ ಎಡಗೈ ಏನು ಮಾಡುತ್ತಿದೆ ಅಂತ ಇನ್ನೊಬ್ಬರು ನೋಡಲಿ.